ಗುಳಿಗೆ ಡಬ್ಬಿಗೊಂದು ಜಂಟಿ ಖಾತೆ

ಮೊನ್ನೆ ಶನಿವಾರ ಖುಲ್ತಾಬಾದಿಗೆ ಹೋಗಿ ಬಂದೆ. ಭದ್ರಾ ಮಾರುತಿಗೆ ಒಂದು ಎಕ್ಕದೆಲೆ ಮಾಲೆ, ಒಂದು ತೆಂಗಿನಕಾಯಿ, ಕಾಲು ಕಿಲೋ ಪೇಡೆ. ನನಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಆರು ವರ್ಷ ಆಯ್ತು. ಹಾಗಾಗಿ ಪ್ರಸಾದ ಅಂತ ಒಂದು ಚೂರು ನಾಲಿಗೆಗೆ ಮುಟ್ಟಿಸಿ, ಉಳಿದದ್ದನ್ನು ಆಟೋದವನ ಕೈಗೋ ಬ್ಯಾಂಕಿನ ಹುಡುಗರ ಕೈಗೋ ದಾಟಿಸುವವನು ನಾನು.

ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ ಪೇಡೆ ಅಂಗಡಿಯವನು ಗುರುತು ಹಿಡಿದ. "ಸಾಹೇಬ್, ಆಜೀ ಕಶ್ಯಾ ಆಹೇತ್?" ಅಂದ. ಅಜ್ಜಿ ಹೇಗಿದ್ದಾರೆ ಅಂತ. ಅವ್ವ ಹೋಗಿ ಮೂರು ವರ್ಷ ಆಯ್ತಪ್ಪಾ ಅಂದೆ. ಅವನು ತಕ್ಕಡಿ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತ.

ಅವ್ವನಿಗೂ ಅವನಿಗೂ ಇದ್ದ ಪರಿಚಯ ಒಂದೇ ಒಂದು ದಿನದ್ದು. ಆ ದಿನದ ಕಥೆಯನ್ನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಿದರೆ ನನ್ನ ತಪ್ಪೂ ಹೇಳಬೇಕಾಗುತ್ತದೆ ಅನ್ನುವುದು ಒಂದು ಕಾರಣ. ಇವತ್ತು ಬರೆದುಬಿಡೋಣ ಅನ್ನಿಸಿತು.

ಊರು ಗೊತ್ತಿಲ್ಲದವರಿಗೆ ಎರಡು ಮಾತು. ಔರಂಗಾಬಾದಿನಿಂದ (2023ರಿಂದ ಛತ್ರಪತಿ ಸಂಭಾಜಿನಗರ, ಆದರೆ ಸುಮಾರು ಮೂವತ್ತು ವರ್ಷದ ಬಾಯಿ ರೂಢಿ ನೋಡಿ, ಹಳೆಯ ಹೆಸರೇ ಮೊದಲು ಬರುತ್ತದೆ) ವೇರೂಳದ ಕಡೆ ಹೊರಟರೆ ದೌಲತಾಬಾದ್ ಕೋಟೆ ದಾಟಿ ಘಾಟಿ ಹತ್ತಬೇಕು. ಹತ್ತಿದ ಮೇಲೆ ಸಿಗುವುದೇ ಖುಲ್ತಾಬಾದ್. ಸುಮಾರು ಇಪ್ಪತ್ತೈದು ಕಿಲೋಮೀಟರ್. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ ಇಳಿದರೆ ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸ ದೇವಾಲಯ. 1686ರಲ್ಲಿ ನಮ್ಮ ವಿಜಾಪುರವನ್ನು ಗೆದ್ದ ಔರಂಗಜೇಬನ ಗೋರಿ ಇರುವುದೂ ಖುಲ್ತಾಬಾದಿನಲ್ಲೇ. ಅಲ್ಲೇ ಈ ಮಾರುತಿಯ ಗುಡಿ. ಇಲ್ಲಿಯ ಮಾರುತಿ ಮಲಗಿದ್ದಾನೆ. ಶ್ರಾವಣ ಶನಿವಾರಗಳಲ್ಲಿ ಜನ ಸಂಭಾಜಿನಗರದಿಂದ ರಾತ್ರಿಯಿಡೀ ನಡೆದು ಬಂದು ದರ್ಶನ ಮಾಡುತ್ತಾರೆ.

ಅವ್ವ ಮೊದಲ ಸಲ ನೋಡಿದಾಗ ಕೇಳಿದ್ದಳು, "ನಮ್ಮೂರಾಗ ಹನುಮಪ್ಪ ನಿಂತಾನ. ಇಲ್ಲಿ ಯಾಕ ಮಲಗ್ಯಾನ?" ನನಗೆ ಉತ್ತರ ಗೊತ್ತಿರಲಿಲ್ಲ. ಅವಳೇ ಹೇಳಿಕೊಂಡಳು, "ಪರದೇಶಕ್ಕ ಬಂದವ, ದಣದಿರಬೇಕು ಬಿಡು."

ನಮ್ಮೂರು ಇಂಡಿ ತಾಲೂಕಿನದು, ಲಿಂಬಿ ತೋಟಗಳ ಸೀಮೆ. ನಾನು ವಿಜಾಪುರದಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, 1996ರಲ್ಲಿ ಇಲ್ಲಿಗೆ ಬಂದವನು ಇಲ್ಲೇ ಉಳಿದೆ. ತಮ್ಮ ಊರಲ್ಲಿ ಹೊಲ ನೋಡಿಕೊಂಡಿದ್ದಾನೆ. ಅಪ್ಪ ತೀರಿಕೊಂಡ ಮೇಲೆ, 2015ರಲ್ಲಿ, ಅವ್ವ ನಮ್ಮ ಹತ್ತಿರ ಬಂದಳು. ಆಗ ಅವಳಿಗೆ ಎಪ್ಪತ್ತು. ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷ. ಬರುವಾಗ ತಂದದ್ದು ಎರಡು ಚೀಲ ಬಟ್ಟೆ, ಒಂದು ಡಬ್ಬಿ ಶೇಂಗಾ ಚಟ್ನಿ, ಮತ್ತು ಅಪ್ಪನ ಹಳೇ ತಂಬಾಕಿನ ಡಬ್ಬಿಯಲ್ಲಿ ತುಂಬಿಕೊಂಡ ಗುಳಿಗೆಗಳು.

ಆ ಡಬ್ಬಿಯ ಮೇಲೆ ಅವಳದೇ ಅಧಿಕಾರ. ಬೆಳಿಗ್ಗೆ ಊಟಕ್ಕೆ ಮೊದಲು ಒಂದು ಬಿಳಿ ಗುಳಿಗೆ, ಊಟದ ನಂತರ ಒಂದು ದೊಡ್ಡದು, ರಾತ್ರಿ ಮತ್ತೆ ಒಂದು. ಓದು ಬರಹ ಬರದಿದ್ದರೂ ಬಣ್ಣ, ಗಾತ್ರ ನೋಡಿ ಒಂದು ದಿನವೂ ತಪ್ಪಿಸಿದವಳಲ್ಲ. "ನಾ ಏನು ಸಣ್ಣ ಹುಡುಗಿ ಏನೋ?" ಅನ್ನುತ್ತಿದ್ದಳು. ಹೌದಲ್ಲ, ಆರು ಮಕ್ಕಳನ್ನು ಹೆತ್ತು ನಾಲ್ವರನ್ನು ಉಳಿಸಿಕೊಂಡು, ಗಂಡನ ಸಾಲ ತೀರಿಸಿದ ಹೆಂಗಸಿಗೆ ಗುಳಿಗೆ ಎಣಿಸಲು ನಾನು ಯಾಕೆ ಬೇಕು?

ಈಗ ಸ್ವಲ್ಪ ಬ್ಯಾಂಕಿನ ಸುದ್ದಿ. 2014ರಿಂದ 2017ರವರೆಗೆ ನಾನು ಖುಲ್ತಾಬಾದ್ ತಾಲೂಕಿನ ಒಂದು ಶಾಖೆಯಲ್ಲಿದ್ದೆ. ಅಲ್ಲಿ ಒಬ್ಬ ನಿವೃತ್ತ ಶಾಲಾ ಮಾಸ್ತರರು ಬರುತ್ತಿದ್ದರು. ಎಲ್ಲರೂ ಅವರನ್ನು ಗುರುಜೀ ಅನ್ನುತ್ತಿದ್ದರು. ಮುತ್ತಿನಂಥ ಅಕ್ಷರ. ಪಾಸ್‌ಬುಕ್ ಎಂಟ್ರಿಯಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆ ಆದರೆ ಕನ್ನಡಕ ಸರಿಮಾಡಿಕೊಂಡು ಕೌಂಟರಿಗೆ ಬಂದು ನಿಲ್ಲುವವರು. ಜೇಬಿನಲ್ಲಿ ಸದಾ ಒಂದು ಬಿಸ್ಕೀಟ್ ಪುಡಕೆ, ಸಕ್ಕರೆ ಕಾಯಿಲೆ ಇತ್ತು.

ಒಂದು ನವೆಂಬರಿನಲ್ಲಿ ಪಿಂಚಣಿಗಾಗಿ ಜೀವಂತ ಪ್ರಮಾಣಪತ್ರ ಕೊಟ್ಟು ಹೋದರು. ಮೂರು ದಿನಕ್ಕೆ ಮತ್ತೆ ಬಂದು ಕೊಟ್ಟರು. ಮುಂದಿನ ವಾರ ಮತ್ತೆ. "ಗುರುಜೀ, ನೀವು ಜೀವಂತ ಇದ್ದೀರಿ ಅಂತ ನಮಗೆ ಮೂರು ಸಲ ಗೊತ್ತಾಯ್ತು" ಅಂತ ಕ್ಯಾಷಿಯರ್ ಹುಡುಗ ನಕ್ಕ. ನಾವೂ ನಕ್ಕೆವು. ಆಮೇಲೆ ಅವರ ಸಹಿ ಸಣ್ಣದಾಗತೊಡಗಿತು, ಒಂದು ಅಕ್ಷರ ಬಿಟ್ಟುಹೋಗತೊಡಗಿತು. ಚೆಕ್ ವಾಪಸ್ ಮಾಡಿದೆವು. ಅವರು ಕೂಗಾಡಿದರು. ಸಹಿ ತಾಳೆಯಾಗುತ್ತಿಲ್ಲ ಅನ್ನುವುದಷ್ಟೇ ನಮಗೆ ಕಂಡದ್ದು. ಮನುಷ್ಯನೇ ತನ್ನ ಹಳೆಯ ಸಹಿಗೆ ತಾಳೆಯಾಗದ ಹಾಗೆ ಬದಲಾಗುತ್ತಿದ್ದಾನೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಎಷ್ಟೋ ವರ್ಷಗಳ ನಂತರ ಓದಿದೆ. ಅಮೆರಿಕದಲ್ಲಿ ವಯಸ್ಸಾದವರ ಆಸ್ಪತ್ರೆಯ ದಾಖಲೆಗಳನ್ನೂ ಸಾಲದ ದಾಖಲೆಗಳನ್ನೂ ಜೋಡಿಸಿ ನೋಡಿದ ಒಂದು ಅಧ್ಯಯನ 2020ರ ಕೊನೆಗೆ ಬಂತು. ಡಿಮೆನ್ಶಿಯಾ ಅಂತ ಡಾಕ್ಟರು ಹೆಸರಿಡುವುದಕ್ಕೆ ಆರು ವರ್ಷ ಮೊದಲೇ ಕೆಲವರು ಬಿಲ್ ಕಟ್ಟುವುದನ್ನು ತಪ್ಪಿಸತೊಡಗಿದ್ದರಂತೆ. ಅಂದರೆ ಡಾಕ್ಟರಿಗಿಂತ ಮೊದಲು ಗೊತ್ತಾಗಬೇಕಾದದ್ದು ನಮ್ಮಂಥ ಕೌಂಟರಿನವರಿಗೆ! ನಮಗೆ ಗೊತ್ತಾದದ್ದು ನಗು ಮಾತ್ರ.

ಗುರುಜಿಯನ್ನು ನೋಡಿದ ಮೇಲಾದರೂ ಮನೆಯಲ್ಲಿ ಕಣ್ಣು ತೆರೆಯಬೇಕಿತ್ತು. ತೆರೆಯಲಿಲ್ಲ.

2017ರ ಹೊತ್ತಿಗೆ ಅವ್ವ ಒಂದೇ ಮಾತನ್ನು ಎರಡು ಸಲ ಕೇಳುತ್ತಿದ್ದಳು. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ನನ್ನ ಹೆಂಡತಿ ಸೂಕ್ಷ್ಮ, ಅವಳು ಒಂದೆರಡು ಸಲ ಹೇಳಿದಳು, "ಅತ್ತಿ ಗುಳಗಿ ಎರಡೆರಡು ಸಲ ತಗೋತಾರೇನು ಅಂತ ಸಂಶಯ ನನಗ. ನೀವರ ಒಂದ್ ಸಲ ಕೇಳ್ರಿ." ನಾನು ಕೇಳಿದೆ. "ಅವ್ವಾ, ಗುಳಗಿ ಸರಿಯಾಗಿ ತಗೋತೀ ಇಲ್ಲೋ?" ಅವ್ವ ಸಿಟ್ಟಿಗೆದ್ದಳು. "ಸೊಸಿ ಹೇಳಿದ್ಲೇನು?" ಅಂದಳು. ಅಲ್ಲಿಗೆ ಮಾತು ಮುಗಿಯಿತು. ಮನೆಯಲ್ಲಿ ಜಗಳ ಬೇಡ ಅಂತ ನಾನು ಡಬ್ಬಿ ಮುಟ್ಟಲಿಲ್ಲ. ಗೌರವ ಅಂತ ಅದಕ್ಕೆ ಹೆಸರಿಟ್ಟುಕೊಂಡೆ.

2018ರ ಶ್ರಾವಣ. ಶನಿವಾರ ಅವ್ವನದು ಒಪ್ಪತ್ತು. ಭದ್ರಾ ಮಾರುತಿಗೆ ಹೋಗಲೇಬೇಕು ಅಂತ ಹಟ. ಬೆಳಿಗ್ಗೆ ಆರೂವರೆಗೆ ಹೊರಟೆವು. ಸಾಲು ಉದ್ದ ಇತ್ತು. ಒಂದೂವರೆ ಗಂಟೆ ನಿಂತಿರಬಹುದು. ನಾನು ಕಾಯಿ ತರಲು ಐದು ನಿಮಿಷ ಆಚೆ ಹೋಗಿ ಬಂದೆ. ಅವ್ವ ಇರಲಿಲ್ಲ.

ಆ ಅರ್ಧ ಗಂಟೆಯನ್ನು ವರ್ಣಿಸುವುದಿಲ್ಲ. ಜಾತ್ರೆಯಲ್ಲಿ ಮಗು ಕಳೆದುಕೊಂಡವರಿಗೆ ಗೊತ್ತಿರುತ್ತದೆ. ಇಲ್ಲಿ ಕಳೆದದ್ದು ತಾಯಿ. ಮರಾಠಿ ಬರದ ತಾಯಿ.

ಸಿಕ್ಕಾಗ ಪೇಡೆ ಅಂಗಡಿಯ ಕಟ್ಟೆ ಮೇಲೆ ಕೂತಿದ್ದಳು. ಸೀರೆಯೆಲ್ಲ ಬೆವರಿನಿಂದ ಒದ್ದೆ, ಕೈ ನಡುಗುತ್ತಿತ್ತು. ಯಾರನ್ನೋ ಬೈಯುತ್ತಿದ್ದಳು. ಸುತ್ತ ಜನ. ಮೈಮೇಲೆ ಬಂದಿದೆ ಅಂದರು ಕೆಲವರು, ಬಿಸಿಲಿಗೆ ಹೀಗಾಗಿದೆ ಅಂದರು ಕೆಲವರು. ನನ್ನನ್ನು ನೋಡಿ "ಯಾರು?" ಅಂದಳು. ಆ ಅಂಗಡಿಯವನು ಮಾತ್ರ ನನ್ನ ಕಡೆ ತಿರುಗಿ, "ಆಜೀಂನಾ ಶುಗರ್ ಆಹೇ ಕಾ?" ಅಂತ ಕೇಳಿದ. ಅವನ ಅಪ್ಪನಿಗೂ ಇತ್ತಂತೆ. ನಾನು ಹೌದು ಅನ್ನುವಷ್ಟರಲ್ಲಿ ಮೂರು ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಲೋಟ ಅವಳ ತುಟಿಗೆ ಹಿಡಿದ. ನುಂಗುವ ಶಕ್ತಿ ಇತ್ತು, ನುಂಗಿದಳು. ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆಯಾ ಅಂತ ನಾನು ಕೈ ಅಡ್ಡ ಹಿಡಿದಿದ್ದೆ ಅನ್ನುವುದನ್ನೂ ಬರೆಯಬೇಕು. ಅವನು ನನ್ನ ಕೈ ಸರಿಸಿದ.

ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಸಕ್ಕರೆ ನೀರು ಕುಡಿದ ಮೇಲೂ, ಬೆರಳ ತುದಿಯ ರಕ್ತದಲ್ಲಿ ಸಕ್ಕರೆ 48. ಎಪ್ಪತ್ತಕ್ಕಿಂತ ಕೆಳಗೆ ಬಂದರೇ ಕಡಿಮೆ ಅಂತ ಲೆಕ್ಕ. ಗ್ಲೂಕೋಸ್ ಏರಿಸಿದರು. ಹತ್ತು ನಿಮಿಷದಲ್ಲಿ ಅವ್ವ ನನ್ನ ಹೆಸರು ಹಿಡಿದು ಕರೆದು, "ದರ್ಶನ ಆತೇನೋ?" ಅಂದಳು. ನಾನು ಮನೆಗೆ ಹೊರಡಲು ಎದ್ದೆ. ಡಾಕ್ಟರು ಬಿಡಲಿಲ್ಲ. ಅವಳು ತೆಗೆದುಕೊಳ್ಳುತ್ತಿದ್ದ ಆ ಸಣ್ಣ ಬಿಳಿ ಗುಳಿಗೆ, ಗ್ಲಿಬೆನ್‌ಕ್ಲಮೈಡ್, ಮೈಯಲ್ಲಿ ಬಹಳ ಹೊತ್ತು ಕೆಲಸ ಮಾಡುತ್ತದಂತೆ. ಮೂತ್ರಪಿಂಡ ದಣಿದಿರುವ ಮುದುಕರಲ್ಲಿ ಇನ್ನೂ ಹೆಚ್ಚು ಹೊತ್ತು. ಈಗ ಏರಿಸಿದ ಸಕ್ಕರೆ ಸಂಜೆಗೆ ಮತ್ತೆ ಇಳಿಯಬಹುದು. ಒಂದು ರಾತ್ರಿ ಇಟ್ಟುಕೊಂಡರು. ಅವರು ಹೇಳಿದ ಹಾಗೆಯೇ ರಾತ್ರಿ ಎರಡಕ್ಕೆ ಮತ್ತೆ ಇಳಿಯಿತು.

ಮನೆಗೆ ಬಂದು ಡಬ್ಬಿ ಸುರಿದು ಎಣಿಸಿದೆ. ಜೀವನದಲ್ಲಿ ಎಷ್ಟೋ ಸಲ ಕ್ಯಾಷ್ ತಾಳೆ ಮಾಡಿದ್ದೇನೆ, ಕೈ ನಡುಗಿದ್ದು ಅವತ್ತು ಮಾತ್ರ. ಹದಿನೈದು ದಿನಕ್ಕೆ ಹದಿನೈದು ಬಿಳಿ ಗುಳಿಗೆ ಖರ್ಚಾಗಬೇಕಿತ್ತು. ಇಪ್ಪತ್ತೊಂದು ಹೋಗಿದ್ದವು. ಒಪ್ಪತ್ತಿನ ದಿನ ಊಟ ಇಲ್ಲ, ಗುಳಿಗೆ ಮಾತ್ರ ಎರಡು. ಆ ಚೀಟಿ 2009ರದ್ದು. ಒಂಬತ್ತು ವರ್ಷ ಅದನ್ನೇ ತೋರಿಸಿ ನಾನೇ ಔಷಧಿ ಅಂಗಡಿಯಿಂದ ತರುತ್ತಿದ್ದೆ. ಸಾಲದ ಫೈಲನ್ನು ವರ್ಷಕ್ಕೊಮ್ಮೆ ಮರುಪರಿಶೀಲನೆ ಮಾಡದಿದ್ದರೆ ಆಡಿಟರು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ತಾಯಿಯ ಚೀಟಿಗೆ ಆಡಿಟರು ಇರಲಿಲ್ಲ.

ಮುಂದಿನ ವಾರ ಸಂಭಾಜಿನಗರದಲ್ಲಿ ಒಬ್ಬ ನರರೋಗ ತಜ್ಞರಿಗೆ ತೋರಿಸಿದೆವು. ಮರೆವಿನ ಪರೀಕ್ಷೆ ಮರಾಠಿಯಲ್ಲಿ. ಅವ್ವನಿಗೆ ಕನ್ನಡ ಬಿಟ್ಟರೆ ದೇವರ ಹೆಸರು ಮಾತ್ರ. ನಾನು ದುಭಾಷಿ. "ಇವತ್ತು ತಾರೀಖು ಎಷ್ಟು?" ಅಂತ ಕೇಳಿದರು. ಅವ್ವ ತಾರೀಖು ಯಾವತ್ತು ಇಟ್ಟುಕೊಂಡಿದ್ದಳು? ತಲೆ ಅಲ್ಲಾಡಿಸಿದಳು. ಸೊನ್ನೆ ಬಿತ್ತು. ನನಗೆ ತಡೆಯಲಿಲ್ಲ, "ಅವ್ವಾ, ಯಾವ ತಿಥಿ?" ಅಂದೆ. ತಟ್ಟನೆ ಹೇಳಿದಳು. ಹೊರಗೆ ಗೋಡೆಯ ಕ್ಯಾಲೆಂಡರು ನೋಡಿದರೆ ಸರಿ ಇತ್ತು. ಆದರೆ ಮೂರು ವಸ್ತುಗಳ ಹೆಸರು ಹೇಳಿ ಐದು ನಿಮಿಷದ ನಂತರ ಕೇಳಿದಾಗ ಒಂದೂ ನೆನಪಿರಲಿಲ್ಲ. ನಾನು ಬಾಯಲ್ಲೇ ಸನ್ನೆ ಮಾಡಲು ಹೋಗಿ ಡಾಕ್ಟರರಿಂದ ಬೈಸಿಕೊಂಡೆ.

ಹೊರನಾಡಿನಲ್ಲಿರುವ ನಮ್ಮಂಥವರು ಇದನ್ನು ಗಮನದಲ್ಲಿಡಬೇಕು. ಪರಭಾಷೆಯಲ್ಲಿ, ಶಾಲೆ ಕಲಿತವರಿಗಾಗಿ ಮಾಡಿದ ಪ್ರಶ್ನೆಗಳಲ್ಲಿ ಅಳೆದರೆ ಮರೆವು ಯಾವುದು, ಭಾಷೆ ಯಾವುದು ಗೊತ್ತಾಗುವುದಿಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲೇ ಓದು ಬರಹ ಇಲ್ಲದವರಿಗಾಗಿ ಈ ಪ್ರಶ್ನೆಗಳನ್ನು ಬದಲಿಸಿ ಹಿಂದಿಯಲ್ಲಿ ಪರೀಕ್ಷೆ ಸಿದ್ಧಪಡಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡುತ್ತಾರೆ. ಊರಿಗೆ ಹೋದಾಗ ಒಂದು ದಿನ ಅದಕ್ಕೆ ಮೀಸಲಿಡಿ. ಅವ್ವನಿಗೆ ನಾವು ಹಾಗೇ ಮಾಡಿದೆವು, ತಡವಾಗಿ.

ವರದಿಗಳು ಬಂದವು. ಒಂದು, ಬಿ12 ಬಹಳ ಕಡಿಮೆ. ಸಕ್ಕರೆ ಕಾಯಿಲೆಯವರು ಹೆಚ್ಚಾಗಿ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್, ಅದೇ ಆ ದೊಡ್ಡ ಗುಳಿಗೆ, ವರ್ಷಗಟ್ಟಲೆ ಸೇವಿಸಿದರೆ ಮೈ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಿಗೆ ಮೊದಲೇ ಕಡಿಮೆ. ಅದು ತೀರಾ ಇಳಿದರೆ ಮರೆವು, ಗೊಂದಲ, ಕಾಲು ಜೋಮು. ಗುಳಿಗೆ ಒಳ್ಳೆಯದೇ, ನಿಲ್ಲಿಸಬೇಕಾಗಿಲ್ಲ, ಬಿ12 ನೋಡಿಸುತ್ತಿರಬೇಕು ಅಷ್ಟೆ. ಎರಡು, ತಲೆಯ ಸ್ಕ್ಯಾನಿನಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಹಳೆಯ ಪೆಟ್ಟುಗಳು. ನಮಗೆ ಗೊತ್ತೇ ಆಗದ ಹಾಗೆ ಆಗಿಹೋದ ಸಣ್ಣ ಪಾರ್ಶ್ವವಾಯುಗಳು.

ಬಿ12 ಚುಚ್ಚುಮದ್ದು ಶುರುವಾಯಿತು. ಬಿಳಿ ಗುಳಿಗೆ ನಿಂತಿತು. ಎರಡು ತಿಂಗಳಲ್ಲಿ ಅವ್ವ ಸ್ವಲ್ಪ ಮರಳಿ ಬಂದಳು. ಸೊಸೆಯ ಜೊತೆ ಮಾತಾಡಿದಳು, ಮೊಮ್ಮಗಳಿಗೆ ಬೀಸುವ ಪದ ಹೇಳಿಕೊಟ್ಟಳು. ನಾವು ಗೆದ್ದೆವು ಅಂದುಕೊಂಡೆವು. ಆದರೆ ಸ್ಕ್ಯಾನಿನ ಪೆಟ್ಟುಗಳು ಚುಚ್ಚುಮದ್ದಿಗೆ ಅಳಿಸುವಂಥವಲ್ಲ.

ಸಕ್ಕರೆಗೂ ಮರೆವಿಗೂ ಏನು ಸಂಬಂಧ ಅಂತ ಆಗಿನಿಂದ ಸಿಕ್ಕಿದ್ದೆಲ್ಲ ಓದಿದ್ದೇನೆ. ನಾನು ಬಿ.ಕಾಂ., ಡಾಕ್ಟರಲ್ಲ. ಲೆಕ್ಕದವನ ಹಾಗೆ ಹೇಳುತ್ತೇನೆ, ತಿದ್ದಿಕೊಳ್ಳಿ.

ಮೈತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡು. ಖರ್ಚಿನಲ್ಲಿ ಪಾಲು ನೂರಕ್ಕೆ ಇಪ್ಪತ್ತರಷ್ಟು! ಇಂಥ ಖರ್ಚಿನ ಇಲಾಖೆಗೆ ರಕ್ತ ಒಯ್ಯುವುದು ಕೂದಲಿಗಿಂತ ತೆಳುವಾದ ನಾಳಗಳು. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ, ಜೊತೆಗೆ ರಕ್ತದೊತ್ತಡವೂ ಇದ್ದರೆ, ಕಣ್ಣಿನ ನಾಳ, ಮೂತ್ರಪಿಂಡದ ನಾಳ ಕೆಡುವ ಹಾಗೆ ಇವೂ ಕೆಡುತ್ತವೆ. ಅವ್ವನಿಗೆ ಆದದ್ದು ಮುಖ್ಯವಾಗಿ ಇದು. ಇನ್ನೊಂದು ದಾರಿ, ಇನ್ಸುಲಿನ್ ಮಿದುಳಿನಲ್ಲೂ ಕೆಲಸ ಮಾಡುತ್ತದೆ, ಅಲ್ಲಿ ಅದರ ಮಾತು ನಡೆಯದಿದ್ದರೆ ಆಲ್ಜೈಮರ್ ಕಾಯಿಲೆಗೆ ನೆರವಾಗಬಹುದು ಅನ್ನುವ ವಾದ. ಅಮೆರಿಕದ ಸುಝಾನ್ ಡಿ ಲಾ ಮಾಂಟೆ ಮತ್ತು ಸಂಗಡಿಗರು 2005ರಲ್ಲಿ ಇದಕ್ಕೆ 'ಟೈಪ್ 3 ಡಯಾಬಿಟಿಸ್' ಅಂತ ಹೆಸರಿಟ್ಟರು. ವಾಟ್ಸಾಪಿನಲ್ಲಿ ಈ ಹೆಸರು ಬಹಳ ಓಡಾಡುತ್ತದೆ. ಅದು ಸಂಶೋಧಕರ ವಾದದ ಹೆಸರು. ವೈದ್ಯಶಾಸ್ತ್ರ ಒಪ್ಪಿಕೊಂಡ ಕಾಯಿಲೆಯ ಹೆಸರಲ್ಲ.

ನನ್ನನ್ನು ಹೆಚ್ಚು ತಟ್ಟಿದ್ದು ಲಂಡನ್ನಿನ ಸರಕಾರಿ ನೌಕರರ ಲೆಕ್ಕ. ವೈಟ್‌ಹಾಲ್ ಅಧ್ಯಯನ ಅಂತ, 1985ರಿಂದ ಹತ್ತು ಸಾವಿರ ಕಚೇರಿ ಜನರನ್ನು ಹಿಂಬಾಲಿಸಿಕೊಂಡು ಬಂದಿದ್ದಾರೆ. ನಮ್ಮ ಹಾಗೇ ಕುರ್ಚಿ ಬಿಸಿ ಮಾಡಿದವರು. 2021ರಲ್ಲಿ ಪ್ರಕಟವಾದ ಪ್ರಕಾರ, ಎಪ್ಪತ್ತನೇ ವಯಸ್ಸಿಗೆ ಹತ್ತು ವರ್ಷಕ್ಕಿಂತ ಮೊದಲೇ ಸಕ್ಕರೆ ಕಾಯಿಲೆ ಬಂದಿದ್ದವರಿಗೆ ಡಿಮೆನ್ಶಿಯಾದ ಅಪಾಯ ಅದಿಲ್ಲದವರ ಎರಡರಷ್ಟು. ತೀರಾ ಇತ್ತೀಚೆಗೆ ಬಂದವರಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಬಡ್ಡಿ ಬೆಳೆಯುವುದು ವರ್ಷಗಳ ಮೇಲೆ. ನನಗೆ ಬಂದದ್ದು 2019ರಲ್ಲಿ, ನಲವತ್ತೆಂಟಕ್ಕೆ. ಲೆಕ್ಕ ನೀವೇ ಮಾಡಿ.

ಹೆದರಿಸಲು ಬರೆಯುತ್ತಿಲ್ಲ. ರಿಸ್ಕ್ ಇರುವ ಸಾಲವೆಲ್ಲ ಮುಳುಗುವುದಿಲ್ಲ ಅಂತ ಬ್ಯಾಂಕಿನವರಿಗೆ ಗೊತ್ತು. ಸಕ್ಕರೆ ಕಾಯಿಲೆಯ ಬಹುಪಾಲು ಜನರಿಗೆ ಡಿಮೆನ್ಶಿಯಾ ಬರುವುದೇ ಇಲ್ಲ. ಆದರೆ ನಮ್ಮ ದೇಶದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ. 2023ರಲ್ಲಿ ಬಂದ ಐಸಿಎಂಆರ್ ಅಂದಾಜು, ಸಕ್ಕರೆ ಕಾಯಿಲೆಯವರು 10.1 ಕೋಟಿ. ಅದೇ ವರ್ಷದ ಇನ್ನೊಂದು ಅಂದಾಜು, ಅರವತ್ತು ದಾಟಿದವರಲ್ಲಿ ಡಿಮೆನ್ಶಿಯಾ ಇರುವವರು ನೂರಕ್ಕೆ 7.4, ಸುಮಾರು 88 ಲಕ್ಷ. ಮೊದಲನೇ ಸಾಲಿನವರಿಗೂ ವಯಸ್ಸಾಗುತ್ತದೆ.

ನಮ್ಮ ಕರ್ನಾಟಕದಲ್ಲೇ ಇದರ ಮೇಲೆ ದೊಡ್ಡ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು 2018ರಲ್ಲಿ, ಅವ್ವ ಖುಲ್ತಾಬಾದಿನಲ್ಲಿ ಕಳೆದುಹೋದ ವರ್ಷವೇ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ ಒಂದು ಅಧ್ಯಯನ ಶುರುಮಾಡಿದರು. ಮಾವಿನ ಸೀಮೆಯ ಹಳ್ಳಿಗಳು. ನಲವತ್ತೈದು ದಾಟಿದ 10,000 ಜನರನ್ನು ವರ್ಷಗಟ್ಟಲೆ ನೋಡುತ್ತ ಹೋಗುವ ಗುರಿ. ರಕ್ತ, ಸಕ್ಕರೆ, ನೆನಪಿನ ಪರೀಕ್ಷೆ, ತಲೆಯ ಸ್ಕ್ಯಾನು. ಮುದುಕರಾದ ಮೇಲೆ ಏನಾಯ್ತು ಅಂತ ಕೇಳುವ ಬದಲು, ನಲವತ್ತೈದರಿಂದಲೇ ಪಾಸ್‌ಬುಕ್ ಬರೆಯುತ್ತ ಹೋಗುತ್ತಾರೆ. 2024ರ ಲ್ಯಾನ್ಸೆಟ್ ಆಯೋಗದ ವರದಿಯೂ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿದೆ. ಸಕ್ಕರೆ, ರಕ್ತದೊತ್ತಡ, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ಒಂಟಿತನ ಹೀಗೆ. ಇವನ್ನೆಲ್ಲ ಸರಿಪಡಿಸಿದರೆ ನೂರರಲ್ಲಿ 45ರವರೆಗೆ ಡಿಮೆನ್ಶಿಯಾ ತಡೆಯಬಹುದು ಅಥವಾ ಮುಂದೂಡಬಹುದು ಅನ್ನುತ್ತದೆ. ಒಂಟಿತನ ಅಂತ ಓದಿದಾಗ ಅವ್ವನ ನೆನಪಾಯಿತು. ಮಾತು ಗೊತ್ತಿಲ್ಲದ ಊರಿನ ಎರಡನೇ ಮಹಡಿ.

ಹಾಗಾದರೆ ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಮರೆವು ನಿಲ್ಲುತ್ತದೆಯೇ? ಇಲ್ಲೇ ನಾವು ಎಡವುವುದು. 2011ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ ಸುಮಾರು ಮೂರು ಸಾವಿರ ಜನರಲ್ಲಿ ಒಂದು ಪಾಲಿನವರಿಗೆ ಸಕ್ಕರೆಯನ್ನು ಬಹಳ ಬಿಗಿಯಾಗಿ ಇಳಿಸಿ ನೋಡಿದರು. ನಲವತ್ತು ತಿಂಗಳ ನಂತರವೂ ನೆನಪಿನ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ. ಅದಕ್ಕೂ ಮೊದಲು, 2009ರಲ್ಲಿ ಕ್ಯಾಲಿಫೋರ್ನಿಯಾದ ಹದಿನಾರು ಸಾವಿರ ವಯಸ್ಸಾದ ರೋಗಿಗಳ ದಾಖಲೆಯಲ್ಲಿ ಕಂಡದ್ದು, ಸಕ್ಕರೆ ತೀರಾ ಇಳಿದು ಆಸ್ಪತ್ರೆ ಸೇರಿದವರಲ್ಲಿ ಮುಂದೆ ಡಿಮೆನ್ಶಿಯಾ ಹೆಚ್ಚು. ಅಂದರೆ ನಡುವಯಸ್ಸಿನಲ್ಲಿ ಏರಿದ ಸಕ್ಕರೆ ಶತ್ರು, ಮುಪ್ಪಿನಲ್ಲಿ ಇಳಿದ ಸಕ್ಕರೆ ಇನ್ನೂ ಹತ್ತಿರದ ಶತ್ರು. ಮರೆವು ಬಂದ ಮುದುಕರಿಗೆ ಎಚ್‌ಬಿಎ1ಸಿ ಏಳರೊಳಗೆ ಬರಲೇಬೇಕು ಅಂತ ಡಾಕ್ಟರುಗಳು ಈಗ ಹಟ ಹಿಡಿಯುವುದಿಲ್ಲ. ಎಂಟರ ಆಸುಪಾಸಿದ್ದರೆ ಸಾಕು, ಇಳಿದು ಬೀಳಬಾರದು ಅನ್ನುತ್ತಾರೆ.

ಈ ಎರಡು ಕಾಯಿಲೆ ಒಂದೇ ಮನೆಯಲ್ಲಿ ಸೇರಿದರೆ ಒಂದರ ಖಾತೆಗೆ ಇನ್ನೊಂದು ಕೈ ಹಾಕುತ್ತದೆ. ಸಕ್ಕರೆ ಮರೆವನ್ನು ತರುತ್ತದೆ. ಮರೆವು ಗುಳಿಗೆಯನ್ನು ಎರಡು ಸಲ ನುಂಗಿಸುತ್ತದೆ, ಊಟವನ್ನು ಮರೆಸುತ್ತದೆ. ಇಳಿದ ಸಕ್ಕರೆ ಮರೆವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಈ ಸುತ್ತನ್ನು ಕತ್ತರಿಸುವ ಜಾಗ ಒಂದೇ, ಗುಳಿಗೆ ಎಣಿಸುವ ಕೈ.

ಬ್ಯಾಂಕಿನಲ್ಲಿ ವಯಸ್ಸಾದವರಿಗೆ ನಾವು ಹೇಳುತ್ತೇವೆ, ಕೈಕಾಲು, ತಲೆ ಗಟ್ಟಿ ಇರುವಾಗಲೇ ಜಂಟಿ ಖಾತೆ ಮಾಡಿಸಿ, 'ಐದರ್ ಆರ್ ಸರ್ವೈವರ್' ಅಂತ ಬರೆಸಿ. ಬುದ್ಧಿ ಹೋದ ಮೇಲೆ ಹಳೆಯ ಮುಖ್ತಿಯಾರ್ ಪತ್ರವೂ ನಡೆಯುವುದಿಲ್ಲ, ಮನೆಯವರು ಕೋರ್ಟು ಕಚೇರಿ ಅಲೆಯಬೇಕು. ಈ ಬುದ್ಧಿಮಾತನ್ನು ಸಾವಿರ ಜನಕ್ಕೆ ಹೇಳಿದ ನಾನು ಅವ್ವನ ಗುಳಿಗೆ ಡಬ್ಬಿಯನ್ನು ಜಂಟಿ ಖಾತೆ ಮಾಡಿಸಲಿಲ್ಲ. 2015ರಲ್ಲೇ ಕೇಳಿದ್ದರೆ ಸಿಟ್ಟಾಗುತ್ತಿದ್ದಳು, ನಾಲ್ಕು ದಿನ ಮಾತು ಬಿಡುತ್ತಿದ್ದಳು. ಅಷ್ಟೇ ತಾನೇ?

ಕೊನೆಗೆ ಮಾಡಿದ್ದು ನನ್ನ ಮಗಳು. ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ತಂದು, "ಅಜ್ಜಿ, ನನಗ ಲೆಕ್ಕ ಕಲಸು" ಅಂತ ಪ್ರತಿ ಭಾನುವಾರ ಅವಳ ಜೊತೆ ಕೂತು ತುಂಬಿಸುತ್ತಿದ್ದಳು. ತುಂಬಿದ ಡಬ್ಬಿ ಅಡುಗೆಮನೆಯ ಮೇಲಿನ ಮಾಡಿನಲ್ಲಿ. ತಂಬಾಕಿನ ಡಬ್ಬಿಯಲ್ಲಿ ಏಲಕ್ಕಿ, ಲವಂಗ. ಡಬ್ಬಿ ಅವಳದೇ ಉಳಿಯಿತು, ಅಪಾಯ ಮಾತ್ರ ಹೊರಗೆ ಬಂತು. ಮೂರು ವರ್ಷ ನನ್ನ ಕೈಲಿ ಆಗದ್ದು ಹನ್ನೊಂದು ವರ್ಷದ ಹುಡುಗಿಗೆ ಒಂದು ಸಂಜೆಯಲ್ಲಿ ಆಯಿತು.

ನಂತರದ ನಾಲ್ಕು ವರ್ಷ ಅವ್ವ ನಿಧಾನವಾಗಿ ಹಿಂದೆ ಹಿಂದೆ ಹೋದಳು. ಬೆಳಿಗ್ಗೆ ತಿಂದದ್ದು ಮರೆಯುತ್ತಿದ್ದಳು, 1998ರಲ್ಲಿ ವೇರೂಳದ ಕೈಲಾಸದ ಮುಂದೆ ಅಪ್ಪ ಚಪ್ಪಲಿ ಕಳೆದುಕೊಂಡದ್ದು ನೆನಪಿತ್ತು. ಸಕ್ಕರೆ ಮತ್ತೆ ಇಳಿದು ಬೀಳಲಿಲ್ಲ, ಅಷ್ಟು ಸಮಾಧಾನ. 2021ರ ಒಂದು ಮಧ್ಯಾಹ್ನ ನಾನು ತಾಟಿನ ಮುಂದೆ ಕೂತಾಗ ಅವ್ವ ನನ್ನ ಕಡೆ ನೋಡಿ, "ನೀವು ಊಟ ಮಾಡ್ರಿ ಸಾಹೇಬ್ರ, ನಾಚಕೋಬ್ಯಾಡ್ರಿ" ಅಂದಳು. ಐವತ್ತು ವರ್ಷ "ಲೇ ತಮ್ಮಾ" ಅಂದ ಬಾಯಿ. ಹೆಸರು ಮರೆತಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಅವಳ ಬಾಯಲ್ಲಿ ನನಗೆ ಬಹುವಚನ ಬಂತು. ಮರಾಠಿ ಡಾಕ್ಟರಿಗೆ ಇದನ್ನು ಹೇಗೆ ಅನುವಾದ ಮಾಡುವುದು? ಮಾಡಲಿಲ್ಲ.

"ಮಾಡ್ತೀನ್ರಿ, ನಿಮ್ಮದು ಆತೇನ್ರಿ?" ಅಂದೆ. ನಕ್ಕಳು.

2022ರಲ್ಲಿ ಹೋದಳು.

ಮೊನ್ನೆ ಆ ಅಂಗಡಿಯವನು ದುಡ್ಡು ತಗೊಳ್ಳದೆ ಕಾಲು ಕಿಲೋ ಪೇಡೆ ಹೆಚ್ಚಿಗೆ ಕಟ್ಟಿದ. ಬೇಡ ಅಂದರೂ ಬಿಡಲಿಲ್ಲ. ಘಾಟಿ ಇಳಿಯುವಾಗ ಅವ್ವ ಹೇಳುತ್ತಿದ್ದ ಕಥೆ ನೆನಪಾಯಿತು. ಸಮುದ್ರದ ದಂಡೆಯಲ್ಲಿ ಹನುಮಪ್ಪ ಸುಮ್ಮನೆ ಕೂತಿದ್ದನಂತೆ, ತನ್ನ ಶಕ್ತಿ ತನಗೇ ಮರೆತಿತ್ತು. ಮುದುಕ ಜಾಂಬವಂತ ಹತ್ತಿರ ಬಂದು ನೆನಪು ಮಾಡಿಕೊಟ್ಟ. "ಮರತದ್ದು ತಪ್ಪಲ್ಲೋ, ನೆನಪು ಮಾಡಿಕೊಡಾವ್ರು ಬೇಕು" ಅನ್ನುತ್ತಿದ್ದಳು.

ಮನೆಗೆ ಬಂದು ಒಂದು ಕೆಲಸ ಮಾಡಿದೆ. ನನ್ನ ಗುಳಿಗೆಗಳನ್ನೂ ಚೀಟಿಯನ್ನೂ ಎಚ್‌ಬಿಎ1ಸಿ ವರದಿಗಳನ್ನೂ (ಹೋದ ತಿಂಗಳು 7.4, ಇಳಿಸಬೇಕು) ಹೆಂಡತಿಯ ಮುಂದೆ ಇಟ್ಟೆ. "ಇನ್ನ ಮ್ಯಾಲ ಇದು ಇಬ್ಬರ ಹೆಸರಿನಾಗ" ಅಂದೆ. "ಈಗ್ಯಾಕ? ನಿಮಗೇನಾಗ್ಯದ?" ಅಂದಳು. ಏನೂ ಆಗಿಲ್ಲ, ಅದಕ್ಕೇ ಅಂದೆ. ಅವಳು ಎಣಿಸಿದಳು. ವಾರಕ್ಕೆ ಎರಡು ಗುಳಿಗೆ ಹೆಚ್ಚು ಉಳಿದಿದ್ದವು. ನಾನು ಎರಡು ಸಲ ಮರೆತಿದ್ದೆ.

ನಿಮ್ಮ ಮನೆಯ ಡಬ್ಬಿ ಯಾರ ಹೆಸರಿನಲ್ಲಿದೆ? ಇವತ್ತು ರಾತ್ರಿ ಊಟಕ್ಕೆ ಮೊದಲು ಒಂದು ಸಲ ಸುರಿದು ಎಣಿಸಿ.